ಚೆಂಡಿನ ಬೆನ್ನು ಹತ್ತಿ ನಾಲ್ಕು ಊರು

2025ರ ಕಾರ್ತೀಕ ಮಾಸ ಮುಗಿಯುತ್ತ ಬಂದ ದಿನಗಳು. ಕುಷ್ಟಗಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಇಳಿಹೊತ್ತಿನಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಎದುರಿನ ಬಯಲಿನಲ್ಲಿ ತಂಗಿಯ ಮಗ, ಹದಿಮೂರು ವರ್ಷದ ಹುಡುಗ, ಬಣ್ಣಗೆಟ್ಟ ಚೆಂಡೊಂದನ್ನು ಹಾಳುಗೋಡೆಗೆ ಒದೆಯುತ್ತಿದ್ದ. ಗೋಡೆಗೆ ಬಡಿದು ಮರಳಿದ ಚೆಂಡನ್ನು ಎಡಗಾಲಿನಲ್ಲಿ ತಡೆದು ಮತ್ತೆ ಒದೆಯುವನು. ಒಂದೊಂದು ಒದೆತಕ್ಕೂ ಕೆಂಪು ಮಸಾರಿ ಮಣ್ಣಿನ ಧೂಳು ಮೊಣಕಾಲಿನವರೆಗೆ ಏಳುತ್ತಿತ್ತು.

ತಂಗಿಯ ಮಾವನವರು ಎಂಬತ್ತರ ಅಂಚಿನಲ್ಲಿರುವ ಹಿರಿಯರು. ಪ್ರಾಯದಲ್ಲಿ ಸುತ್ತಣ ಜಾತ್ರೆಗಳ ಕುಸ್ತಿಯ ಕಣಗಳಲ್ಲಿ ಹೆಸರು ಮಾಡಿದವರು. ಗೆದ್ದು ತಂದ ಬೆಳ್ಳಿಯ ಕಡಗ ಇನ್ನೂ ಅವರ ಕೈಯಲ್ಲಿದೆ. ಬಹಳ ಹೊತ್ತು ಮೊಮ್ಮಗನನ್ನೇ ನೋಡುತ್ತಿದ್ದು, ಕಡೆಗೆ ನನ್ನತ್ತ ತಿರುಗಿದರು.

"ಬೀಗರ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಚಂಡು ಒದ್ರ ಹೊಟ್ಟಿ ತುಂಬತೈತೇನ್ರಿ?"

ಪ್ರಶ್ನೆ ನ್ಯಾಯವಾದುದೇ. ಮೂರು ದಿನಗಳ ಬಳಿಕ ಹೊಸಪೇಟೆಯಲ್ಲಿ ಕಿರಿಯ ಕಾಲ್ಚೆಂಡಾಟಗಾರರ ಆಯ್ಕೆಯೊಂದು ನಡೆಯಲಿತ್ತು. ಹುಡುಗನನ್ನು ಅಲ್ಲಿಗೆ ಕರೆದೊಯ್ಯುವ ಹೊಣೆಯನ್ನು ತಂಗಿ ನನಗೆ ವಹಿಸಿದ್ದಳು. ಆಯ್ಕೆಯಾದರೆ ಶಾಲೆ, ಊಟ, ವಸತಿ ಎಲ್ಲವೂ ದೂರದ ಊರಿನಲ್ಲಿ. ಇರುವುದು ಒಬ್ಬನೇ ಮಗ, ಎಂಟು ಎಕರೆ ಮಳೆಯಾಶ್ರಿತ ಹೊಲ, ಅರ್ಧ ಎಕರೆಯಲ್ಲಿ ಹೊಸದಾಗಿ ಹಚ್ಚಿದ ದಾಳಿಂಬೆ. ಹುಡುಗನ ಜೀವನವನ್ನು ಚೆಂಡಿಗೆ ಕಟ್ಟಬಹುದೇ ಎಂಬುದು ಮನೆಯವರೆಲ್ಲರ ಎದೆಯಲ್ಲಿದ್ದ ಅಳುಕು. ಅಜ್ಜನವರು ಅದನ್ನು ಬಾಯಿಬಿಟ್ಟು ಕೇಳಿದರು, ಅಷ್ಟೆ.

ನಾನು ಇತಿಹಾಸ ಕಲಿಸುವ ಮೇಷ್ಟ್ರು. ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗ ಕಥೆ ಹೇಳುವುದು ನಮ್ಮ ವೃತ್ತಿಯವರ ರೂಢಿ. "ಹೋಗಿ ಬಂದು ಹೇಳ್ತೀನ್ರಿ," ಎಂದು ಆ ಸಂಜೆಯ ಮಟ್ಟಿಗೆ ಪಾರಾದೆ. ಆದರೆ ಮುಂದಿನ ಮೂರು ದಿನ, ನಾಲ್ಕು ಊರುಗಳ ದಾರಿಯಲ್ಲಿ, ಆ ಮಾತು ನನ್ನ ಬೆನ್ನು ಬಿಡಲಿಲ್ಲ.

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಈ ಊರಿನ ಎಷ್ಟೋ ಮುದುಕರು ಉಗಿಬಂಡಿಯ ಕೂಗನ್ನು ಕೇಳದೆಯೇ ಕಾಲವಾದರು. ತಳಕಲ್ಲಿನಿಂದ ಕುಷ್ಟಗಿಯವರೆಗೆ ಹಾಸಿದ ಹೊಸ ಹಳಿಯ ಮೇಲೆ ಮುಂಜಾನೆಯ ಗಾಡಿ ಹೊರಟಾಗ, ಹುಡುಗ ತನ್ನ ಚೆಂಡಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತ. ಲಿಂಗನಬಂಡಿ, ಹನುಮಾಪುರ ಹಿಂದೆ ಸರಿದಂತೆ ಕೆಂಪು ಮಣ್ಣು ಮುಗಿದು ಎರೆಯ ಭೂಮಿ ತೊಡಗುತ್ತದೆ. ಯಲಬುರ್ಗಾ ಸಮೀಪಿಸುವಾಗ ದೃಷ್ಟಿ ಹಾಯುವವರೆಗೂ ಕಪ್ಪು ಹೊಲ, ಅದರ ಮೇಲೆ ಗೇಣುದ್ದದ ಹಿಂಗಾರಿ ಜೋಳದ ಹಸಿರು. ಗಿಡಮರಗಳು ವಿರಳ, ಆಕಾಶ ಮಾತ್ರ ವಿಶಾಲ. ಮಳೆ ಬಂದರೆ ಚಿನ್ನ, ಬಾರದಿದ್ದರೆ ಮಣ್ಣು ಎನ್ನುವಂಥ ಸೀಮೆ.

"ಮಾಮಾ, ಎಲ್ಲಾ ದೊಡ್ಡ ಟೀಮು ದೊಡ್ಡ ದೊಡ್ಡ ಊರಾಗs ಯಾಕ ಇರ್ತಾವ?" ಎಂದು ಹುಡುಗ ಕೇಳಿದ.

"ಎಲ್ಲಾ ಇಲ್ಲೋ ತಮ್ಮಾ, ಒಂದು ಸಣ್ಣ ಊರಾಗೂ ಐತಿ," ಎಂದು ನಾನು ಅಮೆರಿಕೆಯ ಕಥೆಯನ್ನು ತೆಗೆದೆ.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಹುಡುಗ ಒದೆಯುವ ಚೆಂಡಿನ ಆಟವನ್ನಲ್ಲ. ಅವರ ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾದ ಮೊಟ್ಟೆಯಂತೆ. ಅದನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿದು ಓಡುವುದು, ಎಸೆಯುವುದು. ಎದುರಾಳಿಗಳು ಮೇಲೆ ಬಿದ್ದು ನೆಲಕ್ಕುರುಳಿಸುವುದರಿಂದ ತಲೆಗೆ ಶಿರಸ್ತ್ರಾಣ, ಭುಜಕ್ಕೆ ದಪ್ಪನೆಯ ಕವಚ. ಹನ್ನೊಂದು ಹನ್ನೊಂದು ಮಂದಿಯ ಈ ಆಟದಲ್ಲಿ ನಮ್ಮ ಹುತುತುವೂ ಕುಸ್ತಿಯೂ ಬೆರೆತಿವೆ ಎಂದರೆ ಓದುಗರಿಗೆ ಒಂದಷ್ಟು ಕಲ್ಪನೆ ಬಂದೀತು. ಆ ದೇಶದಲ್ಲಿ ಇದಕ್ಕಾಗಿ ಸಂಬಳ ಪಡೆದು ಆಡುವ ವೃತ್ತಿನಿರತ ತಂಡಗಳು ಮಹಾನಗರಗಳಲ್ಲಿವೆ. ಅವುಗಳ ಒಡೆಯರು ಕೋಟ್ಯಧೀಶರು. ಇವುಗಳ ನಡುವೆ ಒಂದೇ ಒಂದು ತಂಡ ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಎಂಬ ಸಣ್ಣ ಊರಿನದು.

1919ರ ಆಗಸ್ಟಿನಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣ, ಸ್ಥಳೀಯ ಪತ್ರಿಕೆಯಲ್ಲಿ ಕೆಲಸದಲ್ಲಿದ್ದ ಜಾರ್ಜ್ ಕ್ಯಾಲ್ಹೂನ್ ಎಂಬ ಮಿತ್ರನೊಡನೆ ಸೇರಿ ಈ ತಂಡವನ್ನು ಕಟ್ಟಿದ. ಲ್ಯಾಂಬೋ ದುಡಿಯುತ್ತಿದ್ದುದು ಮಾಂಸವನ್ನು ಡಬ್ಬಿಗೆ ತುಂಬಿ ಮಾರುವ ಕಂಪನಿಯೊಂದರಲ್ಲಿ. ಅದರ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ. ಹೆಸರಿನಲ್ಲಿ ಇಂಡಿಯಾ ಇದ್ದರೂ ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಆಟಗಾರರ ಅಂಗಿಗಳಿಗೆಂದು ಕಂಪನಿ 500 ಡಾಲರ್ ಕೊಟ್ಟಿತು, ಅಭ್ಯಾಸಕ್ಕೆ ತನ್ನ ಬಯಲನ್ನೂ ಬಿಟ್ಟುಕೊಟ್ಟಿತು. ಹಾಗಾಗಿ ತಂಡಕ್ಕೆ 'ಪ್ಯಾಕರ್ಸ್' ಎಂದು ಹೆಸರಾಯಿತು. ಡಬ್ಬಿ ತುಂಬುವವರು ಎಂದರ್ಥ. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಅದರ ಹೆಸರು ಹೊತ್ತ ತಂಡ ನೂರು ವರ್ಷ ದಾಟಿ ಇಂದಿಗೂ ಆಡುತ್ತಿದೆ.

ಅಷ್ಟರಲ್ಲಿ ಗಾಡಿ ಕುಕನೂರಿಗೆ ಬಂದಿತು. ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಈ ಊರಿನ ಹೆಸರು ಕೇಳಿದೊಡನೆ ಯಾತ್ರಿಕನಿಗೆ ನವಲಿಂಗ ದೇವಾಲಯ ನೆನಪಾಗುತ್ತದೆ. ಸಮೀಪದ ಇಟಗಿಯಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎಂಬ ಬಿರುದಿನ ಗುಡಿಯಿದೆ. ಆದರೆ ಆ ದಿನ ನನಗೆ ನೆನಪಾದದ್ದು ಕುಕನೂರಿನ ನಾಟಕದವರು. ರಹಿಮಾನವ್ವನವರಂಥ ಕಲಾವಿದೆಯರಿಂದ ಹೆಸರಾದ ಊರಿದು. ನಾಟಕ ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ದಿನವೂ ಟಿಕೀಟು ಮಾರಿ, ಪಾತ್ರಧಾರಿಯಿಂದ ಪರದೆ ಎಳೆಯುವವನವರೆಗೆ ಎಲ್ಲರಿಗೂ ಸಂಬಳ ಕೊಡುತ್ತಿತ್ತು. ಅದನ್ನು ನಾವು 'ವೃತ್ತಿ ರಂಗಭೂಮಿ' ಎಂದು ಗೌರವದಿಂದ ಕರೆದೆವು. ಬಣ್ಣ ಹಚ್ಚಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಆ ಕಾಲದಲ್ಲಿಯೂ ಯಾವನೋ ಅಜ್ಜ ಕೇಳಿಯೇ ಇದ್ದಾನು. ಉತ್ತರ ಕೊಟ್ಟವರು ನಟರಲ್ಲ, ರಾತ್ರಿ ಹತ್ತಕ್ಕೆ ಬುತ್ತಿ ಕಟ್ಟಿಕೊಂಡು ಬಂಡಿ ಹೂಡಿ ಬಂದ ಯಲಬುರ್ಗಾ ಸೀಮೆಯ ರೈತರು. ಅವರು ಬಂದಷ್ಟು ಕಾಲ ಕಂಪನಿ ನಡೆಯಿತು.

ತಳಕಲ್ಲಿನಲ್ಲಿ ಇಳಿದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಕೊಪ್ಪಳ ಸೇರಿದೆವು. ನಾನು ಇಪ್ಪತ್ತು ವರ್ಷಗಳಿಂದ ವಾಸವಾಗಿರುವ ಊರು. ಊಟ ಮುಗಿಸಿ, ಬಿಸಿಲು ತಣಿದ ಮೇಲೆ ಹುಡುಗನನ್ನು ಗವಿಮಠದ ಬೆಟ್ಟಕ್ಕೆ ಕರೆದೊಯ್ದೆ. ಅಶೋಕ ಚಕ್ರವರ್ತಿಯ ಬಂಡೆಗಲ್ಲಿನ ಶಾಸನ ಅಲ್ಲಿದೆ. ಎದುರಿಗೆ ಕೋಟೆಯ ಬೆಟ್ಟ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಲಪಡಿಸಿದ ಆ ಕೋಟೆಯನ್ನು 1790-91ರಲ್ಲಿ ಇಂಗ್ಲಿಷರೂ ನಿಜಾಮನೂ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಹಿಡಿದರು. ಮುಂದೆ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಾದವು.

ಇತಿಹಾಸಕ್ಕಿಂತ ಹೆಚ್ಚಾಗಿ ಹುಡುಗನ ಮನಸ್ಸನ್ನು ಸೆಳೆದದ್ದು ಮಠದ ಕೆಳಗಿನ ಮೈದಾನ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂತೆಂದರೆ ಆ ಮೈದಾನದಲ್ಲಿ ಎಳ್ಳು ಬಿದ್ದರೂ ನೆಲ ಕಾಣದು. ನಾಲ್ಕೂ ತಾಲ್ಲೂಕಿನ ಹಳ್ಳಿಗಳಿಂದ ರೊಟ್ಟಿ ಹೇರಿದ ಟ್ರ್ಯಾಕ್ಟರುಗಳು, ಬಂಡಿಗಳು ಬರುತ್ತವೆ. ತಿಂಗಳ ಮೊದಲಿನಿಂದಲೇ ಮನೆಮನೆಯ ಹೆಂಗಸರು ಜೋಳದ ರೊಟ್ಟಿ ತಟ್ಟಿ ಒಣಗಿಸಿ ಇಡುತ್ತಾರೆ. ಯಾರ ಮನೆಯ ರೊಟ್ಟಿಯನ್ನು ಯಾರು ಉಂಡರೆಂಬ ಲೆಕ್ಕವಿಲ್ಲ. ಕೊಟ್ಟವರಿಗೆ ಬಡ್ಡಿಯಿಲ್ಲ, ಲಾಭವಿಲ್ಲ. ದಾಸೋಹದಲ್ಲಿ ತಮ್ಮದೂ ಒಂದು ಪಾಲಿದೆ ಎಂಬ ಸಮಾಧಾನವೇ ಅವರ ಪಾಲಿಗೆ ಬರುವ ಪ್ರಸಾದ.

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಗ್ರೀನ್ ಬೇ ಕಥೆಯ ಉತ್ತರಾರ್ಧವನ್ನು ಹೇಳಿದೆ. ತಂಡ ಹುಟ್ಟಿದ ನಾಲ್ಕೇ ವರ್ಷಕ್ಕೆ ಸಾಲದಲ್ಲಿ ಮುಳುಗಿತು. ಆಗ ಊರಿನ ವ್ಯಾಪಾರಿಗಳು ಸೇರಿ, 1923ರಲ್ಲಿ ಷೇರೊಂದಕ್ಕೆ 5 ಡಾಲರಿನಂತೆ ಒಂದು ಸಾವಿರ ಷೇರುಗಳನ್ನು ಜನರ ಮುಂದಿಟ್ಟರು. ಆ ಷೇರಿನ ವಿಶೇಷವೇನೆಂದರೆ, ಅದರಿಂದ ಎಂದಿಗೂ ಲಾಭಾಂಶ ಬರುವುದಿಲ್ಲ. ಪೇಟೆಯಲ್ಲಿ ಮಾರಿ ಹಣ ಮಾಡಿಕೊಳ್ಳುವಂತಿಲ್ಲ. ತಂಡವನ್ನು ವಿಸರ್ಜಿಸಿದರೂ ಹಣ ಷೇರುದಾರರಿಗಲ್ಲ, ಧರ್ಮಕಾರ್ಯಕ್ಕೆ ಹೋಗಬೇಕು. ಹಾಗಿದ್ದರೂ ಜನ ಕೊಂಡರು. 1935ರಲ್ಲಿ, 1950ರಲ್ಲಿ ಮತ್ತೆ ಸಂಕಟ ಬಂದಾಗ ಮತ್ತೆ ಕೊಂಡರು. ಈಗ ಆ ತಂಡದ ಒಡೆಯರು ಐದು ಲಕ್ಷಕ್ಕೂ ಹೆಚ್ಚು ಜನ. ಆ ದೇಶದ ದೊಡ್ಡ ತಂಡಗಳಲ್ಲಿ ಒಬ್ಬ ಒಡೆಯನಿಲ್ಲದ, ಊರಿನದೇ ಆದ ತಂಡ ಇದೊಂದೇ.

"ಅಂದ್ರ ಇದು ದಾಸೋಹ ಇದ್ದಂಗ," ಎಂದ ಹುಡುಗ.

ನಾನು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿಬಿಟ್ಟಿದ್ದ.

ಮರುದಿನ ಗಂಗಾವತಿ. ಕೊಪ್ಪಳದಿಂದ ಪೂರ್ವಕ್ಕೆ ಹೋದಂತೆ ಲೋಕವೇ ಬದಲಾಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಈ ತಾಲ್ಲೂಕು ಭತ್ತದ ಕಣಜವಾಯಿತು. ನಾವು ಹೋದಾಗ ಕೊಯ್ಲಿನ ಕಾಲ. ರಸ್ತೆಯ ಅಂಚಿನುದ್ದಕ್ಕೂ ಒಣಹಾಕಿದ ಬಂಗಾರದ ಬಣ್ಣದ ಭತ್ತ, ಊರಿನ ಹೊರಗೆ ಅಕ್ಕಿ ಗಿರಣಿಗಳ ಸಾಲು, ಗಾಳಿಯಲ್ಲಿ ತೌಡಿನ ವಾಸನೆ. ಕುಷ್ಟಗಿಯ ಹುಡುಗನಿಗೆ ಇಷ್ಟೊಂದು ನೀರು ಕಂಡದ್ದೇ ಒಂದು ಉತ್ಸವ.

2011ರ ಜನಗಣತಿಯಂತೆ ಗಂಗಾವತಿ ನಗರದ ಜನಸಂಖ್ಯೆ 1 ಲಕ್ಷ 14 ಸಾವಿರದಷ್ಟು. ಗ್ರೀನ್ ಬೇ ಊರಿನ ಜನಸಂಖ್ಯೆ 2020ರ ಗಣತಿಯಂತೆ 1 ಲಕ್ಷ 7 ಸಾವಿರದಷ್ಟು. ಎಂದರೆ ನಮ್ಮ ಗಂಗಾವತಿಯಷ್ಟೇ ಒಂದು ಊರು! ಅಷ್ಟು ಜನರ ಊರು ನ್ಯೂಯಾರ್ಕ್, ಷಿಕಾಗೊಗಳೊಡನೆ ಸೆಣಸಿ 13 ಸಲ ರಾಷ್ಟ್ರದ ಚಾಂಪಿಯನ್ ಆಗಿದೆ. 1959ರಲ್ಲಿ ವಿನ್ಸ್ ಲೊಂಬಾರ್ಡಿ ಎಂಬ ಗುರು ಬಂದು ಏಳು ವರ್ಷಗಳಲ್ಲಿ ಐದು ಸಲ ಗೆಲ್ಲಿಸಿದ. ಇಂದು ಆ ದೇಶದ ಅಂತಿಮ ಪಂದ್ಯದ ಪಾರಿತೋಷಕಕ್ಕೆ ಅವನದೇ ಹೆಸರು. 1967ರ ಡಿಸೆಂಬರ್ 31ರಂದು, ಉಷ್ಣಾಂಶ ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗಿಳಿದಿದ್ದಾಗ, ಸುಮಾರು 50 ಸಾವಿರ ಜನ ಬಯಲಿನಲ್ಲಿ ಕುಳಿತು ಪಂದ್ಯ ನೋಡಿದರು. ಹಿಮ ಬಿದ್ದರೆ ಊರವರೇ ಸಲಿಕೆ ಹಿಡಿದು ಬಂದು ಕ್ರೀಡಾಂಗಣವನ್ನು ಸ್ವಚ್ಛಮಾಡುತ್ತಾರೆ. ಅಭ್ಯಾಸದ ದಿನಗಳಲ್ಲಿ ಊರಿನ ಮಕ್ಕಳು ತಮ್ಮ ಸೈಕಲ್ಲನ್ನು ಆಟಗಾರನಿಗೆ ಕೊಡುವರು. ಆಳೆತ್ತರದ ಆಟಗಾರ ಆ ಪುಟ್ಟ ಸೈಕಲ್ಲನ್ನೇರಿ ಮೈದಾನಕ್ಕೆ ಹೋಗುವಾಗ, ಸೈಕಲ್ಲಿನ ಒಡೆಯ ಅವನ ಶಿರಸ್ತ್ರಾಣ ಹಿಡಿದು ಪಕ್ಕದಲ್ಲಿ ಓಡುವನು.

ಗಂಗಾವತಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ವ್ಯಾಯಾಮ ಶಿಕ್ಷಕ. ಆಯ್ಕೆಯ ಸುದ್ದಿಯನ್ನು ನಮಗೆ ತಿಳಿಸಿದವನೂ ಅವನೇ. ಸಂಜೆ ಅವನ ಶಾಲೆಯ ಬಯಲಿಗೆ ಹೋದೆವು. ಹದಿನೈದು ಹುಡುಗರು, ಎರಡು ಚೆಂಡು. ಗೋಲಿನ ಕಂಬಗಳ ಬದಲು ಎರಡು ಕಲ್ಲು. ಅರ್ಧ ಬಯಲಿನಲ್ಲಿ ಕ್ರಿಕೆಟ್ ಆಡುವವರ ಗದ್ದಲ. ನಮ್ಮ ಹುಡುಗ ಕೇಳದೆಯೇ ಆಟದೊಳಗೆ ಸೇರಿಕೊಂಡ.

"ಕಾಲಾಗ ಜೀವ ಐತ್ರಿ ಸರ್," ಎಂದ ಶಿಷ್ಯ. "ಆದ್ರ ಬರೇ ಗ್ವಾಡಿ ಜೋಡಿ ಆಡ್ಯಾನ. ಹನ್ನೊಂದು ಮಂದಿ ಜೋಡಿ ಆಡಿಲ್ಲ."

ಆ ಮಾತು ಹುಡುಗನಿಗಷ್ಟೇ ಅಲ್ಲ, ನಮ್ಮ ಸೀಮೆಗೇ ಅನ್ವಯಿಸುವಂಥದೆಂದು ನನಗೆ ತೋರಿತು. ಕನ್ನಡನಾಡಿನಲ್ಲಿ ಕಾಲ್ಚೆಂಡಾಟದ ಕೀರ್ತಿ ಸಣ್ಣದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತು, ಕಡೆಯದು 1969ರಲ್ಲಿ. 54 ವರ್ಷ ಕಾದು 2023ರಲ್ಲಿ ಕರ್ನಾಟಕವು ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮತ್ತೆ ತಂದಿತು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಗೆದ್ದದ್ದು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ತಂಡ.

ಇನ್ನೊಂದು ದಿಕ್ಕಿಗೆ ನೋಡಿ. 1956ರ ನವೆಂಬರ್ 1ರವರೆಗೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಹೈದರಾಬಾದ್ ಆಗ ಭಾರತದ ಕಾಲ್ಚೆಂಡಾಟದ ರಾಜಧಾನಿ. ಅಲ್ಲಿನ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು. ಅದನ್ನು ತರಬೇತುಗೊಳಿಸಿದ ಎಸ್. ಎ. ರಹೀಂ ಅವರೇ ಭಾರತ ತಂಡಕ್ಕೂ ಗುರು. ನಾಡು ಒಂದಾದ ಅದೇ 1956ರ ನವೆಂಬರಿನಲ್ಲಿ ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋಗಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಹೀಗೆ ಆಟದ ಎರಡು ರಾಜಧಾನಿಗಳ ನಡುವೆ ನಮ್ಮ ನಾಲ್ಕು ತಾಲ್ಲೂಕುಗಳಿದ್ದವು. ಆದರೆ ನಾನು ಹೇಳಿದ ಈ ಹೆಸರುಗಳಲ್ಲಿ ನಮ್ಮ ಸೀಮೆಯದು ಒಂದೂ ಇಲ್ಲ. ನಮ್ಮಲ್ಲಿ ಬಲವಿರಲಿಲ್ಲವೇ? ಸಂಗ್ರಾಣಿ ಕಲ್ಲು ಎತ್ತುವವರು, ಕುಸ್ತಿ ಹಿಡಿಯುವವರು ಹಳ್ಳಿಹಳ್ಳಿಯಲ್ಲಿದ್ದರು. ಅಂಥವರ ಹಾಲು ಬಾದಾಮಿಯ ಖರ್ಚನ್ನು ಊರೇ ನೋಡಿಕೊಳ್ಳುತ್ತಿತ್ತು. ಗರಡಿಗೆ ಊರಿನ ಆಸರೆಯಿತ್ತು, ಚೆಂಡಿಗೆ ಇರಲಿಲ್ಲ.

ಮೂರನೆಯ ದಿನ ನಸುಕಿನಲ್ಲಿಯೇ ಆನೆಗೊಂದಿಯ ದಾರಿಯಾಗಿ ತುಂಗಭದ್ರೆಯನ್ನು ದಾಟಿದೆವು. ಅಂಜನಾದ್ರಿಯ ಮೇಲೆ ದೀಪ ಇನ್ನೂ ಉರಿಯುತ್ತಿತ್ತು. ವಿಜಯನಗರದ ಅರಸರಿಗೆ ಮೊದಲ ನೆಲೆಯಾದ ಸ್ಥಳವಿದು. ಅಚ್ಯುತರಾಯನ ನಾಣ್ಯಗಳ ಮೇಲೆ ಮೆರೆದ ಗಂಡಭೇರುಂಡ ಪಕ್ಷಿಯ ಕಥೆಯನ್ನು ಹೇಳಿದಾಗ ಹುಡುಗ ತನ್ನ ನೀಲಿ ಅಂಗಿಯ ಎದೆಯನ್ನು ಮುಟ್ಟಿ ತೋರಿಸಿದ. ಅದರ ಮೇಲಿದ್ದುದು ಬೆಂಗಳೂರು ಎಫ್.ಸಿ. ತಂಡದ ಲಾಂಛನ. ಅದರಲ್ಲಿನ ಹಕ್ಕಿಗೆ ಗಂಡಭೇರುಂಡವೇ ಮೂಲ.

ಆಯ್ಕೆ ಮಧ್ಯಾಹ್ನಕ್ಕಿತ್ತು. ಅಷ್ಟರೊಳಗೆ ಹೊಸಪೇಟೆಯಿಂದ ಮುಂದಕ್ಕೆ ತೋರಣಗಲ್ಲನ್ನು ತೋರಿಸಿ ತರೋಣವೆಂದು ಹೊರಟೆ. ಈ ಊರಿಗೂ ಹುಡುಗನ ಅಂಗಿಯ ಮೇಲಿನ ಹಕ್ಕಿಗೂ ನಂಟಿದೆ. 1971ರಲ್ಲಿ ಇಂದಿರಾ ಗಾಂಧಿಯವರು ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಆ ಕಲ್ಲು ಬಹುಕಾಲ ಕಲ್ಲಾಗಿಯೇ ಉಳಿಯಿತು. 1990ರ ದಶಕದಲ್ಲಿ ಜಿಂದಾಲ್ ಸಂಸ್ಥೆ ಬಂದ ಮೇಲೆ ಕುಲುಮೆಗಳೆದ್ದವು. ಸಂಡೂರು ಬೆಟ್ಟಗಳ ಅದಿರು, ತುಂಗಭದ್ರೆಯ ನೀರು, ಸುತ್ತಣ ಜಿಲ್ಲೆಗಳ ಕೂಲಿ, ಇವುಗಳಿಂದ ಬೆಳೆದ ಜೆ.ಎಸ್.ಡಬ್ಲ್ಯು. ಬಳಗವೇ 2013ರ ಜುಲೈಯಲ್ಲಿ ಬೆಂಗಳೂರು ಎಫ್.ಸಿ. ತಂಡವನ್ನು ಹುಟ್ಟುಹಾಕಿತು.

ಆ ತಂಡದ ಚರಿತ್ರೆ ಚಿಕ್ಕದು, ಆದರೆ ಬೆರಗಿನದು. ಆಗ ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೇತ್ರಿ ಮೊದಲ ವರ್ಷವೇ ಬಂದು ಸೇರಿದರು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರರು. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಕ್ರೀಡಾಂಗಣದಲ್ಲಿ ನೂರು ವರ್ಷಕ್ಕೂ ಹಳೆಯದಾದ ಮೋಹನ್ ಬಾಗಾನ್ ವಿರುದ್ಧ ಮೊದಲ ಲೀಗ್ ಪಂದ್ಯವನ್ನಾಡಿ 1-1ರ ಸಮ ಮಾಡಿಕೊಂಡಿತು. 2014ರ ಏಪ್ರಿಲ್ಲಿನಲ್ಲಿ ಗೋವೆಯಲ್ಲಿ ಡೆಂಪೊ ತಂಡವನ್ನು ಸೋಲಿಸಿ, ಹುಟ್ಟಿದ ವರ್ಷವೇ ಐ-ಲೀಗ್ ಕಿರೀಟವನ್ನು ಧರಿಸಿತು. 2016ರಲ್ಲಿ ಮತ್ತೆ ಅದೇ ಕಿರೀಟ. ಅದೇ ವರ್ಷ ಅಕ್ಟೋಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷಿಯದ ಜೋಹರ್ ತಂಡವನ್ನು 3-1ರಿಂದ ಮಣಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋಯಿತು. ಭಾರತದ ಯಾವ ತಂಡವೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ, ಹೆಚ್ಚುವರಿ ವೇಳೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಇಂಡಿಯನ್ ಸೂಪರ್ ಲೀಗನ್ನು ಗೆದ್ದುಕೊಟ್ಟಿತು. 2022ರಲ್ಲಿ ಡುರಾಂಡ್ ಕಪ್. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ವಿರುದ್ಧ ಮತ್ತೊಂದು ಅಂತಿಮ ಪಂದ್ಯ, 1-2ರ ಸೋಲು.

2018ರ ಆಗಸ್ಟಿನಲ್ಲಿ ಕಾರ್ಖಾನೆಯ ಆವರಣದ ವಿಜಯನಗರ ಬಡಾವಣೆಯಲ್ಲಿ 'ಇನ್‌ಸ್ಪೈರ್' ಎಂಬ ಕ್ರೀಡಾ ತರಬೇತಿ ಸಂಸ್ಥೆ ತೆರೆಯಿತು. ಬೆಂಗಳೂರು ಎಫ್.ಸಿ.ಯ ಕಿರಿಯರ ವಸತಿ ಶಾಲೆಗೂ ಅಲ್ಲಿಯೇ ನೆಲೆ ದೊರಕಿತು. ರಾಜಧಾನಿಯ ಹೆಸರು ಹೊತ್ತ ತಂಡದ ಮಕ್ಕಳು ನಮ್ಮ ಮನೆಯ ಹಿತ್ತಿಲಿನಂಥ ಸ್ಥಳದಲ್ಲಿ ಬೆಳೆದರು! ನಾವು ರಸ್ತೆಯಲ್ಲಿಯೇ ನಿಂತು ನೋಡಿದೆವು. ಹೊಗೆಕೊಳವೆಗಳ ಆಚೆ ಹಸಿರಿನ ಒಂದು ಅಂಚು ಮಾತ್ರ ಕಂಡಿತು. ಹುಡುಗ ಅದನ್ನು ಎವೆಯಿಕ್ಕದೆ ನೋಡುತ್ತಿದ್ದ.

ಇಷ್ಟು ಹೇಳಿದ ಮೇಲೆ ಮುಂದಿನದನ್ನು ಹೇಳದೆ ಬಿಟ್ಟರೆ ಅಜ್ಜನವರ ಪ್ರಶ್ನೆಗೆ ವಂಚನೆ ಮಾಡಿದಂತೆ. 2025ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ನಡೆಸುವ ಒಪ್ಪಂದದ ಗೊಂದಲದಿಂದ ಆ ವರ್ಷದ ಪಂದ್ಯಗಳೇ ಅನಿಶ್ಚಿತವಾದವು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತರಬೇತಿ ಮುಂದುವರಿಯುವುದೆಂದೂ ತಿಳಿಸಿತು. ನಾವು ಅಲ್ಲಿಗೆ ಹೋದ ನವೆಂಬರಿನಲ್ಲಿಯೂ ಲೀಗ್ ಆರಂಭವಾಗಿರಲಿಲ್ಲ. ದೇಶದ ಅಗ್ರಗಣ್ಯ ತಂಡದ ಆಟಗಾರನಿಗೇ ತಿಂಗಳ ಸಂಬಳ ನಿಂತುಹೋಗಬಹುದಾದರೆ, ಕುಷ್ಟಗಿಯ ರೈತನ ಮಗನಿಗೆ ನಾನು ಏನೆಂದು ಧೈರ್ಯ ಹೇಳಲಿ?

ದೋಷ ಒಬ್ಬರದೆಂದು ನಾನು ಹೇಳಲಾರೆ. ಒಬ್ಬ ಧಣಿಯ ಉದಾರತೆಯಿಂದ ಹುಟ್ಟಿದ ತಂಡ ಬಹುಬೇಗ ಎತ್ತರಕ್ಕೆ ಏರಬಲ್ಲದು. ಆದರೆ ಮೇಲಿನ ವ್ಯವಸ್ಥೆಯಲ್ಲಿ ಬಿರುಕು ಬಿಟ್ಟರೆ ಹಿಡಿದು ನಿಲ್ಲಿಸಲು ಕೆಳಗೆ ಊರಿನ ಕೈಗಳಿರುವುದಿಲ್ಲ. ಐ.ಟಿ.ಐ. ತಂಡ ಕಾರ್ಖಾನೆಯೊಡನೆ ಏರಿತು, ಕಾರ್ಖಾನೆ ಸೊರಗಿದಾಗ ತಾನೂ ಮರೆಯಾಯಿತು. ಗ್ರೀನ್ ಬೇ ಊರಿನವರು ತಮ್ಮ ಕಂಪನಿ ಮುಚ್ಚಿದ ಮೇಲೆ ತಂಡವನ್ನು ತಾವೇ ಹೊತ್ತರು. ನೂರು ವರ್ಷಗಳ ಅಂತರ ಕಾಣುವುದು ಅಲ್ಲಿಯೇ.

ಮಧ್ಯಾಹ್ನ ಹೊಸಪೇಟೆಯಲ್ಲಿ ಆಯ್ಕೆ ನಡೆಯಿತು. ಇನ್ನೂರಕ್ಕೂ ಹೆಚ್ಚು ಹುಡುಗರು. ಕೆಲವರ ಕಾಲಲ್ಲಿ ಬೆಲೆಬಾಳುವ ಬೂಟು, ಕೆಲವರು ಬರಿಗಾಲು. ನಮ್ಮವನು ಗಂಗಾವತಿಯ ಪೇಟೆಯಲ್ಲಿ ಹಿಂದಿನ ದಿನ ಕೊಂಡ ಹೊಸ ಬೂಟು ಕಚ್ಚುತ್ತದೆಂದು ತೆಗೆದಿಟ್ಟು ಬರಿಗಾಲಲ್ಲೇ ಆಡಿದ. ಒಮ್ಮೆ ಎಡಗಾಲಿನಿಂದ ಹೊಡೆದ ಚೆಂಡು ದೂರದಿಂದ ನೇರವಾಗಿ ಬಲೆಗೆ ಹೋಯಿತು. ಬಲೆಯ ಒಳಗೆ ಚೆಂಡು ಬೀಳುವುದನ್ನು ಅವನು ಕಂಡದ್ದು ಅದೇ ಮೊದಲು. ಒಂದು ಗಳಿಗೆ ಆಟ ಮರೆತು ನಿಂತುಬಿಟ್ಟ.

ಸಂಜೆ ಹೆಸರುಗಳನ್ನು ಓದಿದಾಗ ಅವನದಿರಲಿಲ್ಲ. ತರಬೇತುದಾರರು ಬೆನ್ನು ತಟ್ಟಿ, "ಎಡಗಾಲು ಬಹಳ ಚೆನ್ನಾಗಿದೆ. ತಂಡದ ಜೊತೆ ಆಡುವುದನ್ನು ಕಲಿತು ಬರುವ ವರ್ಷ ಬಾ," ಎಂದರು. ಶಿಷ್ಯ ಹೇಳಿದ ಮಾತೇ. ಹುಡುಗ ಅಳಲಿಲ್ಲ. ಕೊಪ್ಪಳದವರೆಗೂ ಮಾತನ್ನೂ ಆಡಲಿಲ್ಲ.

ಮರುದಿನ ಕುಷ್ಟಗಿಯ ಕಟ್ಟೆಯ ಮೇಲೆ ಅಜ್ಜನವರ ಮುಂದೆ ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ಸಂಬಳ ನಿಂತ ಸಂಗತಿಯನ್ನೂ ಹೇಳಿದೆ, ಮಂಜಿನಲ್ಲಿ ಸಲಿಕೆ ಹಿಡಿದ ಊರವರ ಸಂಗತಿಯನ್ನೂ ಹೇಳಿದೆ. ಅವರು ಕಡಗವನ್ನು ತಿರುವುತ್ತ ಕೇಳಿದರು.

"ಹಂಗಾರ ಚಂಡು ಒದ್ರ ಹೊಟ್ಟಿ ತುಂಬೂದಿಲ್ಲ," ಎಂದರು ನಿಧಾನವಾಗಿ. "ಊರು ಮನಸ್ಸು ಮಾಡಿದ್ರ ತುಂಬತೈತಿ. ನಾ ಕುಸ್ತಿ ಹಿಡಿಯೂ ಮುಂದ ನಮ್ಮ ಮನಿಯಾಗ ಎಲ್ಲಿತ್ರಿ ಹಾಲು? ಓಣ್ಯಾಗಿನ ಮಂದಿ ದಿನಾ ಒಬ್ಬೊಬ್ರು ಒಂದೊಂದು ತಂಬಗಿ ಕೊಡ್ತಿದ್ರು."

ಆಮೇಲೆ ಒಳಗೆ ಹೋಗಿ, ಧೋತರದ ಗಂಟಿನಿಂದ ತೆಗೆದ ಐನೂರರ ನೋಟೊಂದನ್ನು ತಂದು ನನ್ನ ಕೈಗಿತ್ತರು. ಎದುರಿನ ಬಯಲಿನಲ್ಲಿ ಕಲ್ಲು ಆರಿಸಿ, ಎರಡು ಕಡೆ ಕಂಬ ನೆಡಿಸಬೇಕಂತೆ. ಓಣಿಯ ಹುಡುಗರನ್ನೆಲ್ಲ ಸೇರಿಸಿ ಹನ್ನೊಂದು ಮಂದಿ ಮಾಡಬೇಕಂತೆ.

"ಸಾಕಾಗೂದಿಲ್ಲ ಅಂತ ಗೊತ್ತೈತ್ರಿ ಬೀಗರ. ಇದು ನನ್ನ ಪಾಲು. ಉಳಿದದ್ದು ಓಣಿ ಮಂದೀನ ಕೇಳೂಣು."

ಹುಡುಗ ಆಗಲೇ ಬಯಲಿಗೆ ಇಳಿದು ಕಲ್ಲು ಆರಿಸತೊಡಗಿದ್ದ. ನಾನೂ ಚಪ್ಪಲಿ ಮೆಟ್ಟಿ ಎದ್ದೆ.